ಮಗುವಿನ ಮೊದಲ ಮೃದಂಗ

ಮಗುವೊಂದು ಊಟದ ತಟ್ಟೆಯನ್ನು ಬಡಿಯತೊಡಗಿದಾಗ ಮನೆಯ ಹಿರಿಯರಲ್ಲಿ ಒಬ್ಬರು ಗದರುತ್ತಾರೆ. ಇನ್ನೊಬ್ಬರು, 'ಇದರ ಕೈಯಲ್ಲಿ ಲಯವಿದೆ' ಎಂದು ಹಿಗ್ಗುತ್ತಾರೆ. ಹಿಗ್ಗಿದವರ ಮಾತೇ ಗೆದ್ದರೆ ಆ ಮನೆಗೆ ಸ್ವಲ್ಪ ದಿನದಲ್ಲಿ ಒಂದು ಮೃದಂಗ ಬರುತ್ತದೆ. ಎಂಥ ಮೃದಂಗ ಬರಬೇಕೆಂಬುದನ್ನು ಮಾತ್ರ ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. ಈ ಹೊತ್ತು ನಾನು ಆಡಬೇಕೆಂದಿರುವುದು ಆ ಯೋಚನೆಯ ಮಾತು.

ನನ್ನ ಬಾಲ್ಯದಲ್ಲಿ ನಮ್ಮ ತಂದೆಯವರು ಹಿರಿಯ ವಿದ್ವಾಂಸರೊಬ್ಬರು ನುಡಿಸಿ ಬಿಟ್ಟಿದ್ದ ತಗ್ಗು ಶ್ರುತಿಯ ದೊಡ್ಡ ಮೃದಂಗವನ್ನು ಭಕ್ತಿಯಿಂದ ತಂದುಕೊಟ್ಟರು. ನನಗಾಗ ಏಳು ವರ್ಷ. ಬಲಗೈ ಬೆರಳು ಕರಣೆಯನ್ನು ಮುಟ್ಟಿದರೆ ಎಡಗೈ ಜಾರುತ್ತಿತ್ತು. ಎಡಗೈ ನೆಲೆಗೊಂಡರೆ ಹೆಗಲು ನೋಯುತ್ತಿತ್ತು. ಆರು ತಿಂಗಳಲ್ಲಿ, 'ನನಗೆ ಇದು ಬರುವುದಿಲ್ಲ' ಎಂದು ನಾನೇ ತೀರ್ಮಾನಿಸಿಬಿಟ್ಟೆ. ಕೈಗೆ ಮೀರಿದ್ದು ವಾದ್ಯ; ಸೋಲನ್ನು ಹೊತ್ತವನು ಹುಡುಗ. ವಾದ್ಯವನ್ನು ಆರಿಸುವಾಗ ನಾವು ಕಾಯಬೇಕಾದದ್ದು ಹಣವನ್ನಷ್ಟೇ ಅಲ್ಲ, ಮಗುವಿಗೆ ತನ್ನ ಮೇಲಿರುವ ನಂಬಿಕೆಯನ್ನೂ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಮೊದಲು ಅಳತೆಯ ಮಾತು. ಕಛೇರಿಯ ಮೃದಂಗಗಳು ಸಾಮಾನ್ಯವಾಗಿ 22ರಿಂದ 24 ಅಂಗುಲ ಉದ್ದವಿರುತ್ತವೆ. ಗಂಡುದನಿಯ ಒಂದು ಮನೆ ಶ್ರುತಿಗೆ ಉದ್ದನೆಯದು, ಹೆಣ್ಣುದನಿಯ ಐದು ಮನೆ ಶ್ರುತಿಗೆ ಗಿಡ್ಡನೆಯದು ಎಂಬುದು ರೂಢಿ. ಮಗುವಿಗೆ ಹೆಚ್ಚು ಶ್ರುತಿಯ ಚಿಕ್ಕ ಮೃದಂಗವೇ ಹಿತ. ಇನ್ನೂ ಚಿಕ್ಕ ಅಳತೆಯಲ್ಲಿ ಕಟ್ಟಿಕೊಡುವವರೂ ಇದ್ದಾರೆ. ಆದರೆ ಅಂಗುಲದ ಲೆಕ್ಕಕ್ಕಿಂತ ನೆಚ್ಚಬಹುದಾದ ಪರೀಕ್ಷೆ ಒಂದುಂಟು. 'ನಂ' ಎಂಬ ಪಾಟವನ್ನು ನುಡಿಸುವಾಗ ಉಂಗುರದ ಬೆರಳು ಕರಣೆಯ ಅಂಚಿನಲ್ಲಿ ಹಗುರವಾಗಿ ಕೂತಿರಬೇಕು, ತೋರುಬೆರಳು ಮುಚ್ಚಿಗೆಯ ಅಂಚನ್ನು ಹೊಡೆಯಬೇಕು. ಮಗುವನ್ನು ಕೂರಿಸಿ, ವಾದ್ಯವನ್ನು ಬಲಗಾಲಿಗೆ ಆನಿಸಿ, ಬೆರಳುಗಳನ್ನು ಹೀಗೆ ಇಡಿಸಿ ನೋಡಿ. ಬೆರಳು ಸೆಳೆದುಕೊಳ್ಳದೆ, ಹೆಗಲು ಮೇಲೇಳದೆ, ಎರಡೂ ಕೈ ಎರಡೂ ಕಡೆಗೆ ಸಹಜವಾಗಿ ಮುಟ್ಟಿದರೆ ಆ ವಾದ್ಯ ಆ ಮಗುವಿನದು. ಆದುದರಿಂದ ಅಂಗಡಿಗೆ ಹೋಗುವಾಗ ಮಗುವನ್ನು ಮನೆಯಲ್ಲಿ ಬಿಟ್ಟು ಹೋಗಬಾರದು. ಸಾಧ್ಯವಾದರೆ ಪಾಠ ಹೇಳುವ ಗುರುಗಳನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು.

ಎರಡನೆಯದು ನಾದ. ಸಂತೆಯ ಆಟದ ಡೋಲು ಸಾಲದೇ ಎಂದು ಕೇಳುವವರಿದ್ದಾರೆ. ಆಟಕ್ಕೆ ಸಾಕು; ಕಿವಿಗೆ ಸಾಲದು. ಬರಿಯ ಚರ್ಮವನ್ನು ಬಿಗಿದು ಬಡಿದರೆ ಹುಟ್ಟುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಅದು ಸದ್ದಾಗುತ್ತದೆ, ಸ್ವರವಾಗುವುದಿಲ್ಲ. ಮೃದಂಗದ ಬಲದ ಮುಚ್ಚಿಗೆಯ ನಡುವೆ ಕಪ್ಪು ಕಲ್ಲಿನ ಪುಡಿ ಮತ್ತು ಬೆಂದ ಅನ್ನವನ್ನು ಕಲಸಿ, ತೆಳುವಾದ ಪದರಗಳಾಗಿ ಹಚ್ಚಿ, ಪ್ರತಿ ಪದರವನ್ನೂ ಕಲ್ಲಿನಿಂದ ಉಜ್ಜಿ ಕರಣೆಯನ್ನು ಕಟ್ಟುತ್ತಾರೆ. ಆ ಭಾರವು ಚರ್ಮದ ಕಂಪನಗಳನ್ನು ಹತೋಟಿಗೆ ತಂದು ಉಪಸ್ವರಗಳನ್ನು ಒಂದು ಕ್ರಮಕ್ಕೆ ಕೂಡಿಸುತ್ತದೆ. ಸರ್ ಸಿ. ವಿ. ರಾಮನ್ ಅವರು 1920ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಇದನ್ನು ಮೊದಲು ಬರೆದರು; 1934ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ, ಮುಚ್ಚಿಗೆಯ ಮೇಲೆ ಮರಳು ಚೆಲ್ಲಿ, ಅದು ಮೂಡಿಸುವ ರೇಖೆಗಳ ಮೂಲಕ ಈ ವಾದ್ಯದ ಮೊದಲ ಐದು ಸ್ವರಗಳ ಹೊಂದಿಕೆಯನ್ನು ವಿವರಿಸಿದರು. ಹೆಸರು ತಿಳಿಯದ ಕುಶಲಕರ್ಮಿಗಳು ಕೈಯಳವಿನಿಂದ ಸಾಧಿಸಿದ್ದನ್ನು ವಿಜ್ಞಾನಿ ಹೀಗೆ ಲೆಕ್ಕದಿಂದ ಕಂಡರು. ಮೊದಲ ದಿನದಿಂದಲೇ ಶ್ರುತಿಯುಳ್ಳ ವಾದ್ಯವನ್ನು ಕೇಳಿದ ಮಗುವಿಗೆ, ತಾಳವಾದ್ಯವೆಂದರೆ ಹಾಡಿನೊಡನೆ ಕೂಡಿ ಬಾಳುವಂಥದು ಎಂಬ ತಿಳಿವಳಿಕೆ ಹೇಳಿಕೊಡದೆಯೇ ಬರುತ್ತದೆ.

ಕೊಳ್ಳುವಾಗ ಬಲದ ಮುಚ್ಚಿಗೆಯ ಅಂಚನ್ನು ಸುತ್ತಲೂ ಮೆಲ್ಲಗೆ ತಟ್ಟಿ ಕೇಳಬೇಕು. ಬಾರು ಹಾಯುವ 16 ಕಣ್ಣುಗಳ ಬಳಿಯಲ್ಲೂ ಒಂದೇ ಶ್ರುತಿ ಕೇಳಿಸಿದರೆ ಸರಿ. ಒಂದೆಡೆ ಏರಿ ಒಂದೆಡೆ ಇಳಿದಿದ್ದರೆ, ಕಲ್ಲು ಮತ್ತು ಮರದ ತುಂಡಿನಿಂದ ತಟ್ಟಿ ಅಲ್ಲಿಯೇ ಸರಿಮಾಡಿಕೊಡುವಂತೆ ಕೇಳಬೇಕು, ಸರಿಹೋಗದಿದ್ದರೆ ಬಿಡಬೇಕು. ಕರಣೆ ಉದುರುತ್ತಿರಬಾರದು. ಒಡಲು ಚೆನ್ನಾಗಿ ಒಣಗಿದ ಹಲಸಿನ ಮರದ್ದಾಗಿರಲಿ. ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಬಾರಿನ ಬದಲು ತಿರುಪು ಮೊಳೆಗಳಿರುವ ಮೃದಂಗಗಳೂ, ಫೈಬರಿನ ಹಗುರ ಒಡಲಿನವೂ ಇಂದು ದೊರೆಯುತ್ತವೆ. ನಾದದಲ್ಲಿ ಅವು ಹಲಸಿಗೆ ಸಮವೇ ಎಂಬ ವಾದ ಇದ್ದದ್ದೇ. ಆದರೆ ಶ್ರುತಿ ಮಾಡಲು ತಿಳಿದವರು ಹತ್ತಿರದಲ್ಲಿಲ್ಲದ ಊರಿನ ಮಗುವಿಗೆ ಇಳಿದ ಶ್ರುತಿಯ ಹಲಸಿಗಿಂತ ಏರಿಸಿಕೊಳ್ಳಬಹುದಾದ ತಿರುಪಿನದೇ ಮೇಲು. ಶ್ರುತಿಯನ್ನು ಅತಿಯಾಗಿ ಏರಿಸಿ ಬಿಗಿದ ಮುಚ್ಚಿಗೆಯನ್ನು ಮಾತ್ರ ಒಪ್ಪಬೇಡಿ. ಎಳೆಯ ಬೆರಳು ಅದರಿಂದ ನೋಯುತ್ತದೆ. ನೋವಿನೊಡನೆ ಕಲಿತ ಪಾಠವನ್ನು ಮಗು ತಪ್ಪಿಸಿಕೊಳ್ಳಲು ನೋಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತು: ವಾದ್ಯಕ್ಕೆ ಅವಸರವಿಲ್ಲ. ನಾಲ್ಕೈದು ವರ್ಷದ ಮಗುವಿಗೆ ಬಾಯಿ ಮತ್ತು ಅಂಗೈಗಳೇ ಸಾಕಾದ ವಾದ್ಯ. 'ತ ದಿ ತೊಂ ನಂ' ಎಂದು ಬಾಯಲ್ಲಿ ಹೇಳುತ್ತ, ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಪೆಟ್ಟು, ಬೀಸು, ಪೆಟ್ಟು, ಬೀಸು ಎಂದು ಆದಿತಾಳದ ಎಂಟು ಅಕ್ಷರಗಳನ್ನು ಅದು ಓಡದೆ, ಎಳೆಯದೆ ಹಾಕಿತೆಂದರೆ ಮೃದಂಗದ ಕಾಲ ಬಂದಿತೆಂದು ತಿಳಿಯಬಹುದು.

ಮೃದಂಗ ಹೆಣ್ಣುಮಕ್ಕಳಿಗೇಕೆ ಎಂಬ ಪ್ರಶ್ನೆ ನಮ್ಮ ಮನೆಯಲ್ಲೂ ಎದ್ದಿತ್ತು. ಎತ್ತಿದವರು ನಮ್ಮ ಅತ್ತೆಯವರು, ಕೇಳಿಸಿಕೊಂಡವಳು ನನ್ನ ಮೊಮ್ಮಗಳು. ಬೆಂಗಳೂರಿನಲ್ಲಿ ನೆಲೆಸಿರುವ ಸುಕನ್ಯಾ ರಾಮಗೋಪಾಲ್ ಅವರ ಘಟವಾದನವನ್ನು ಒಂದು ಸಂಜೆ ಇಬ್ಬರಿಗೂ ಕೇಳಿಸಿದೆ. ಪ್ರಶ್ನೆ ಮತ್ತೆ ಏಳಲಿಲ್ಲ.

ಮೊಮ್ಮಗಳಿಗೆ ವಾದ್ಯ ತರುವ ಮುನ್ನ ಅದನ್ನು ಕಟ್ಟುವವರ ಮನೆಗೇ ಅವಳನ್ನು ಕರೆದುಕೊಂಡು ಹೋದೆ. ಹಸು, ಆಡು, ಎಮ್ಮೆಗಳ ಚರ್ಮವನ್ನು ಹದಮಾಡಿ ಕತ್ತರಿಸುವುದನ್ನು ಅವಳು ಕಣ್ಣರಳಿಸಿ ನೋಡಿದಳು. ನಾವು ಪೂಜಿಸುವ ವಾದ್ಯವನ್ನು ಕಟ್ಟಿದ ಕೈಗಳನ್ನು ನಮ್ಮ ಸಮಾಜ ಬಹುಕಾಲ ದೂರವಿಟ್ಟಿತು, ಟಿ. ಎಂ. ಕೃಷ್ಣ ಅವರು ಈ ಕುಟುಂಬಗಳ ಕಥೆಯನ್ನೇ 2020ರಲ್ಲಿ ಒಂದು ಪುಸ್ತಕವಾಗಿ ಬರೆದಿದ್ದಾರೆ. ಹೊರಡುವಾಗ ಅವಳು, 'ತಾತ, ಇವರಿಗೂ ನಮಸ್ಕಾರ ಮಾಡಬೇಕಲ್ಲವೇ?' ಎಂದಳು. ಮಾಡಿದಳು. ಆಕೆಯ ಬೆರಳಳತೆ ನೋಡಿ ಆ ಹಿರಿಯರು ಕಟ್ಟಿಕೊಟ್ಟ ಚಿಕ್ಕ ಮೃದಂಗ ಈಗ ನಮ್ಮ ಮನೆಯಲ್ಲಿದೆ. ನುಡಿಸುವ ಮುನ್ನ ಎಡದ ಮುಚ್ಚಿಗೆಗೆ ರವೆ ಕಲಸಿ ಹಚ್ಚುವುದು, ಮುಗಿದ ಮೇಲೆ ಅದನ್ನು ಕೆರೆದು ಒರೆಸಿ ಬಟ್ಟೆ ಹೊದಿಸುವುದು, ಎರಡೂ ಅವಳದೇ ಕೆಲಸ.