ಜೂನ್ ತಿಂಗಳು ಹೇಳದೆ ಬರುವುದಿಲ್ಲ

ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಅಪ್ಪ ಶಾಲೆಯ ಮೇಷ್ಟ್ರಾಗಿದ್ದರು. ನಾವು ಮೂವರು ಮಕ್ಕಳು. ಎಂಬತ್ತರ ದಶಕದಲ್ಲಿ ಪ್ರತಿ ವರ್ಷ ಜೂನ್ ಮೊದಲ ವಾರ ಅಮ್ಮನ ಎರಡು ಬಂಗಾರದ ಬಳೆಗಳು ಬ್ಯಾಂಕಿಗೆ ಹೋಗುತ್ತಿದ್ದವು. ಮೂವರ ಫೀಸು, ಪುಸ್ತಕ, ಸಮವಸ್ತ್ರ, ಕೊಡೆ, ಅದರ ಜೊತೆಗೆ ಮಳೆ ಹಿಡಿಯುವ ಮೊದಲು ಹೆಂಚು ಕೈಯಾಡಿಸುವ ಕೂಲಿ, ಎಲ್ಲ ಸೇರಿ ಸುಮಾರು 1,800 ರೂಪಾಯಿ. ತಿಂಗಳಿಗಿಷ್ಟು ಎಂದು ಕಟ್ಟಿ ಬಳೆ ಬಿಡಿಸಿಕೊಂಡು ಬರುವಾಗ ಫೆಬ್ರುವರಿ ಬಂದಿರುತ್ತಿತ್ತು. ವರ್ಷದಲ್ಲಿ ನಾಲ್ಕು ತಿಂಗಳು ಅಮ್ಮನ ಕೈಯಲ್ಲಿ, ಎಂಟು ತಿಂಗಳು ಬ್ಯಾಂಕಿನ ತಿಜೋರಿಯಲ್ಲಿ.

ಒಂದು ವರ್ಷ ಬ್ಯಾಂಕಿನ ಗುಮಾಸ್ತರು ತಕ್ಕಡಿಗೆ ಹಾಕುವ ಮೊದಲೇ ಬಳೆಗಳ ತೂಕ ಬರೆದುಕೊಂಡರಂತೆ. "ಇವುಗಳ ತೂಕ ನನಗೆ ಬಾಯಿಪಾಠ ಆಗಿಬಿಟ್ಟಿದೆ ಮೇಷ್ಟ್ರೇ" ಎಂದರಂತೆ. ಅಪ್ಪ ಇದನ್ನು ಮನೆಗೆ ಬಂದು ನಗುತ್ತಲೇ ಹೇಳಿದರು. ಅಮ್ಮ ನಗಲಿಲ್ಲ. ಆ ರಾತ್ರಿ ಜಮಾ-ಖರ್ಚಿನ ಪುಸ್ತಕ ತೆಗೆದು ಕೂತಳು. ಶೇಕಡಾ 15ರ ಬಡ್ಡಿಯಂತೆ ಎಂಟು ತಿಂಗಳಿಗೆ 180 ರೂಪಾಯಿ, ಏಳು ವರ್ಷಕ್ಕೆ 1,260. ಆಮೇಲೆ ಅವಳು ಕೇಳಿದ್ದು ಒಂದೇ ಮಾತು: "ಜೂನ್ ತಿಂಗಳು ಬರುತ್ತೆ ಅಂತ ನಮಗೆ ಗೊತ್ತಿರಲಿಲ್ಲವೇನ್ರೀ?"

ಮನೆಯ ಬಜೆಟ್ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಇದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಿಲ್ಲ. ಸಾಮಾನ್ಯವಾಗಿ ನಾವು ಬಜೆಟ್ ಎಂದರೆ ತಿಂಗಳ ಲೆಕ್ಕ ಎಂದುಕೊಳ್ಳುತ್ತೇವೆ. ಹಾಲು, ದಿನಸಿ, ತರಕಾರಿ, ಗ್ಯಾಸು, ಬಾಡಿಗೆ. ಇವುಗಳಲ್ಲಿ ನೂರಿನ್ನೂರು ಹೆಚ್ಚುಕಡಿಮೆ ಆಗಬಹುದು, ಆದರೆ ಮಧ್ಯಮ ವರ್ಗದ ಮನೆ ಮುಗ್ಗರಿಸುವುದು ತರಕಾರಿಯ ಲೆಕ್ಕದಲ್ಲಲ್ಲ. ಅದು ಮುಗ್ಗರಿಸುವುದು ವರ್ಷಕ್ಕೊಮ್ಮೆ ಬರುವ ಖರ್ಚಿನಲ್ಲಿ. ವಿಚಿತ್ರವೆಂದರೆ ಅವುಗಳಲ್ಲಿ ಬಹುಪಾಲು ಮೊದಲೇ ದಿನ ಗೊತ್ತುಮಾಡಿಕೊಂಡು ಬರುವಂಥವು. ಆದರೂ ಪ್ರತಿ ಸಲವೂ ನಾವು ಅವನ್ನು ಅಕಸ್ಮಾತ್ ಬಂದ ನೆಂಟರಂತೆ ಗಾಬರಿಯಿಂದ ಬರಮಾಡಿಕೊಳ್ಳುತ್ತೇವೆ.

ಇವತ್ತಿನ ಒಂದು ಮನೆಯನ್ನು ತೆಗೆದುಕೊಳ್ಳೋಣ. ಜಿಲ್ಲಾ ಕೇಂದ್ರವೊಂದರಲ್ಲಿ ಗಂಡ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಕೈಗೆ ಬರುವ ಸಂಬಳ 38,000. ಮಕ್ಕಳ ಫೀಸು, ಪುಸ್ತಕ, ಶಾಲೆಯ ವ್ಯಾನು ಸೇರಿ ವರ್ಷಕ್ಕೆ 54,000 ಎನ್ನಿ. ವಿಮೆಯ ಕಂತು 18,000. ಸ್ಕೂಟರಿನ ವಿಮೆ, ಸರ್ವೀಸು 6,000. ಗಣೇಶನ ಹಬ್ಬ, ದೀಪಾವಳಿ, ಯುಗಾದಿಗೆ ಬಟ್ಟೆಬರೆ 15,000. ಊರಿನ ಜಾತ್ರೆ, ಬಂಧುಬಳಗದ ಮದುವೆಗಳ ಮುಯ್ಯಿ, ಓಡಾಟ 12,000. ಜ್ವರ, ಹಲ್ಲುನೋವು, ಕನ್ನಡಕಕ್ಕೆ 12,000. ಮಿಕ್ಸಿ ಸುಡುವುದು, ನಲ್ಲಿ ಸೋರುವುದು ಇತ್ಯಾದಿಗೆ 9,000. ಕೂಡಿದರೆ 1,26,000. ಹನ್ನೆರಡರಿಂದ ಭಾಗಿಸಿ: ತಿಂಗಳಿಗೆ 10,500.

ಅಂದರೆ ಈ ಮನೆಯ ತಿಂಗಳ ಆದಾಯ 38,000 ಅಲ್ಲ, 27,500. ಈ ಸತ್ಯವನ್ನು ಒಪ್ಪಿಕೊಳ್ಳುವುದು ಕಷ್ಟ. ಸಂಬಳ ಬಂದ ದಿನ ಬ್ಯಾಂಕಿನ ಖಾತೆಯಲ್ಲಿ 38,000 ಎಂದೇ ಕಾಣುತ್ತದಲ್ಲ! ಏಪ್ರಿಲ್‌ವರೆಗೆ ಸಂಸಾರ ಸಲೀಸಾಗಿಯೇ ಸಾಗುತ್ತದೆ, ಕಂತಿನಲ್ಲಿ ಒಂದು ದೊಡ್ಡ ಟೀವಿಯೂ ಬರುತ್ತದೆ. ಜೂನ್‌ನಲ್ಲಿ ಫೀಸಿನ ಚೀಟಿ ಬಂದಾಗ ಕ್ರೆಡಿಟ್ ಕಾರ್ಡು ಉಜ್ಜಬೇಕಾಗುತ್ತದೆ. ಬಾಕಿ ಉಳಿಸಿಕೊಂಡರೆ ಅದಕ್ಕೆ ತಿಂಗಳಿಗೆ ಶೇಕಡಾ ಮೂರು, ಮೂರೂವರೆ ಬಡ್ಡಿ ಬೀಳುವುದು ಸಾಮಾನ್ಯ. ಅಮ್ಮನ ಬಳೆಯ ಬಡ್ಡಿ ವರ್ಷಕ್ಕೆ ಹದಿನೈದೇ ಇತ್ತು.

ಹಾಗಾದರೆ ಆ 10,500ನ್ನು ಎಲ್ಲಿಡುವುದು? ಕಣ್ಣೆದುರಿನ ಖಾತೆಯಲ್ಲಿ ಇಟ್ಟರೆ ಉಳಿಯುವುದಿಲ್ಲ, ಇದು ನನ್ನ ಅನುಭವ. 2016ರಲ್ಲಿ ಯುಪಿಐ ಬಂದ ಮೇಲಂತೂ ದುಡ್ಡು ಕೈಬಿಡುವಾಗ ಬೆರಳಿಗೂ ಗೊತ್ತಾಗುವುದಿಲ್ಲ. ಬೇರೆ ಬ್ಯಾಂಕಿನಲ್ಲಿ ಒಂದು ಉಳಿತಾಯ ಖಾತೆ ತೆರೆದು, ಅದನ್ನು ಫೋನಿಗೆ ಜೋಡಿಸದೆ ಬಿಡುವುದು ಒಂದು ಉಪಾಯ. ಫೀಸಿನ ಪಾಲಿಗೆ ಬ್ಯಾಂಕಿನಲ್ಲಿ ಹನ್ನೆರಡು ತಿಂಗಳ ಆರ್.ಡಿ. ಒಳ್ಳೆಯದು, ಮೇ ತಿಂಗಳಲ್ಲಿ ಶುರುಮಾಡಿದರೆ ಮುಂದಿನ ಮೇಯಲ್ಲಿ, ಶಾಲೆ ತೆರೆಯುವ ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತದೆ. ಅಂಚೆ ಕಚೇರಿಯ ಆರ್.ಡಿ. ಐದು ವರ್ಷದ್ದು, ಅದು ದೂರದ ಖರ್ಚಿಗೆ ಹೊಂದುತ್ತದೆ.

ನಮ್ಮ ಊರುಗಳಲ್ಲಿ ಪತ್ತಿನ ಸಹಕಾರ ಸಂಘಗಳು ಕೊಡುವ ತುಸು ಹೆಚ್ಚಿನ ಬಡ್ಡಿಗೆ ಮನಸೋಲುವವರು ಬಹಳ. ಅಲ್ಲಿ ಇಡಬೇಡಿ ಎನ್ನುವುದಿಲ್ಲ, ಆದರೆ ಒಂದು ವಿಷಯ ತಿಳಿದಿರಲಿ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ಸಿಗುವ ವಿಮೆ 2020ರ ಫೆಬ್ರುವರಿಯಿಂದ ಇದೆ. ಅದು ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸುತ್ತದೆ. ಪತ್ತಿನ ಸಹಕಾರ ಸಂಘಗಳಿಗೆ ಅನ್ವಯಿಸುವುದಿಲ್ಲ. ಹೆಸರಿನಲ್ಲಿ ಬ್ಯಾಂಕ್ ಎಂದಿದೆಯೋ ಸಂಘ ಎಂದಿದೆಯೋ ಎಂಬುದನ್ನು ಬೋರ್ಡಿನಲ್ಲೇ ಓದಿಕೊಳ್ಳಬಹುದು. ಮಕ್ಕಳ ಫೀಸಿನ ಹಣಕ್ಕೆ ಒಂದು ಪರ್ಸೆಂಟ್ ಹೆಚ್ಚು ಬಡ್ಡಿಗಿಂತ ಬೇಕಾದ ದಿನ ಕೈಗೆ ಸಿಗುವುದು ಮುಖ್ಯ ಎಂದು ನಾನು ಭಾವಿಸುತ್ತೇನೆ. ಚೀಟಿ ಹಾಕುವವರೂ ಇಷ್ಟೇ ಗಮನಿಸಬೇಕು: 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಅದು ನೋಂದಣಿ ಆಗಿದೆಯೇ ಎಂದು ವಿಚಾರಿಸಿ. ಮೊದಲ ತಿಂಗಳುಗಳಲ್ಲೇ ಚೀಟಿ ಎತ್ತಿದರೆ ಅದು ಉಳಿತಾಯವಲ್ಲ, ಸಾಲ.

ಇನ್ನು ವರ್ಷಗಳ ಲೆಕ್ಕ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಸರಿಯೇ. ಆದರೆ ಮಕ್ಕಳಿರುವ ಮನೆಯಲ್ಲಿ ಕಾಲು ಬೆಳೆಯುತ್ತಲೇ ಇರುತ್ತದೆ! ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ಮುಂದಿನ ಪದವಿ ಓದಿಗೆ ಇವತ್ತಿನ ಲೆಕ್ಕದಲ್ಲಿ 4 ಲಕ್ಷ ಬೇಕು ಎಂದಿಟ್ಟುಕೊಳ್ಳಿ. ಫೀಸು ವರ್ಷಕ್ಕೆ ಶೇಕಡಾ 10ರಂತೆ ಏರಿದರೆ ಎಂಟು ವರ್ಷದಲ್ಲಿ ಅದು ಎಂಟೂವರೆ ಲಕ್ಷ ದಾಟುತ್ತದೆ. ತಿಂಗಳಿಗೆ 3,000ದಂತೆ ಎಂಟು ವರ್ಷ ಕಟ್ಟಿದರೆ ಬಡ್ಡಿ ಬಿಟ್ಟು 2,88,000. ಅದೇ ಕಂತನ್ನು ಸಂಬಳ ಏರಿದಂತೆ ಪ್ರತಿ ವರ್ಷ ಶೇಕಡಾ 10 ಏರಿಸುತ್ತ ಹೋದರೆ 4,11,000ಕ್ಕೂ ಹೆಚ್ಚು. ಎರಡೂ ಸಾಲುವುದಿಲ್ಲ, ನಿಜ. ಆದರೆ ಸಾಲ ಮಾಡಬೇಕಾಗುವ ಮೊತ್ತ ಎಷ್ಟೆಂದು ಎಂಟು ವರ್ಷ ಮೊದಲೇ ಗೊತ್ತಿರುವ ಮನೆಗೂ ಸೀಟು ಸಿಕ್ಕ ಮರುದಿನ ಗೊತ್ತಾಗುವ ಮನೆಗೂ ಬಹಳ ಅಂತರ.

ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕ ತಾವೇ ಮಾಡಿ ನೋಡಬೇಕು. ಶಿಕ್ಷಣ ಸಾಲದ ಮರುಪಾವತಿ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ನಂತರ ಶುರುವಾಗುತ್ತದೆ. ಅಲ್ಲಿಯವರೆಗೆ ಬಡ್ಡಿ ನಿದ್ದೆ ಮಾಡುತ್ತಿರುವುದಿಲ್ಲ. ನಾಲ್ಕು ವರ್ಷದ ಕೋರ್ಸಿಗೆ ಪ್ರತಿ ವರ್ಷದ ಆರಂಭದಲ್ಲಿ ಒಂದೊಂದು ಲಕ್ಷ ಪಡೆದರೆ, ಶೇಕಡಾ 10ರ ಸರಳ ಬಡ್ಡಿಯಲ್ಲೂ ಮೊದಲ ಕಂತು ಕಟ್ಟುವ ಹೊತ್ತಿಗೆ 1,40,000 ಸೇರಿ ಬಾಕಿ 5,40,000 ಆಗಿರುತ್ತದೆ. ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟುತ್ತ ಹೋದರೆ ಬಾಕಿ 4 ಲಕ್ಷಕ್ಕೇ ನಿಲ್ಲುತ್ತದೆ. ಮೊದಲ ವರ್ಷ ಅದು ತಿಂಗಳಿಗೆ ಸುಮಾರು 835 ರೂಪಾಯಿ.

ಆದರೆ ಮಕ್ಕಳು ಲೆಕ್ಕ ಮಾಡಬೇಕಾದರೆ ಅವರಿಗೆ ಅಂಕಿಗಳು ಗೊತ್ತಿರಬೇಕಲ್ಲ. ಅಪ್ಪನ ಸಂಬಳವೆಷ್ಟು ಎಂದು ತಿಳಿಯದೆಯೇ ಪಿಯುಸಿ ಮುಗಿಸುವ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ. 'ಅವರಿಗ್ಯಾಕೆ ಈ ಚಿಂತೆ, ಓದಿಕೊಂಡಿರಲಿ' ಎಂಬುದು ಹೆತ್ತವರ ಪ್ರೀತಿ. ಆ ಪ್ರೀತಿಯ ಬೆಲೆ ತಿಳಿಯುವುದು, ಮಗ ಮೂರು ಕಾಲೇಜುಗಳ ಹೆಸರು ಹೇಳಿ ಅಪ್ಪ ಸುಮ್ಮನೆ ಕೂತಾಗ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಬಳೆಯ ಪ್ರಸಂಗವಾದ ಮೇಲೆ ಅಮ್ಮ ಜಮಾ-ಖರ್ಚಿನ ಪುಸ್ತಕವನ್ನು ಎಂಟನೇ ತರಗತಿಯಲ್ಲಿದ್ದ ನನ್ನ ಕೈಗೆ ಕೊಟ್ಟಳು. ಅಪ್ಪ ದಿನವೂ ರಾತ್ರಿ ಹೇಳುವುದು, ನಾನು ಬರೆಯುವುದು. ಮೊದಲ ತಿಂಗಳಲ್ಲೇ ನನಗೆ ತಿಳಿದ ವಿಷಯವೆಂದರೆ ನಾನು ಹಟಮಾಡಿ ಕೇಳಿದ್ದ ಕ್ರಿಕೆಟ್ ಬ್ಯಾಟಿನ ಬೆಲೆ ನಮ್ಮ ಮನೆಯ ಒಂಬತ್ತು ದಿನದ ಹಾಲಿಗೆ ಸಮ ಎಂಬುದು. ಬ್ಯಾಟು ಬಂತು, ಬರಲಿಲ್ಲವೆಂದಲ್ಲ. ದೀಪಾವಳಿಯ ಪಾಲಿನಲ್ಲಿ ಬಂತು.

ಈ ಬದಲಾವಣೆಯಲ್ಲಿ ನಿಜವಾಗಿ ಕಷ್ಟವಾದದ್ದು ಮೊದಲ ವರ್ಷ. ಇದನ್ನು ಯಾರೂ ಹೇಳುವುದಿಲ್ಲ. ಆ ವರ್ಷ ಕಳೆದ ಜೂನ್‌ನ ಸಾಲವನ್ನೂ ತೀರಿಸಬೇಕು, ಮುಂದಿನ ಜೂನ್‌ಗೂ ಕೂಡಿಡಬೇಕು. ಒಂದೇ ಸಂಬಳಕ್ಕೆ ಎರಡು ಜೂನ್. ಬಹಳ ಮನೆಗಳಲ್ಲಿ ಬಜೆಟ್ ಎಂಬುದು ಮೂರನೇ ತಿಂಗಳಿಗೆ ಸತ್ತುಹೋಗುವುದು ಇಲ್ಲೇ. ತಿಂಗಳಿಗೆ 150 ಇಟ್ಟರೆ ವರ್ಷಕ್ಕೆ 1,800 ಆಗುತ್ತದೆ ಎಂದು ಅಪ್ಪ ಸುಲಭವಾಗಿ ಹೇಳಿಬಿಟ್ಟರು. ಅಮ್ಮ ಒಪ್ಪಲಿಲ್ಲ. "ಎಪ್ಪತ್ತೈದು ಇಡೋಣ, ಇಟ್ಟದ್ದು ಮುಟ್ಟೋದು ಬೇಡ" ಎಂದಳು. ಅಡುಗೆಮನೆಯ ಅಟ್ಟದಲ್ಲಿದ್ದ ಹಳೆಯ ಬಿಸ್ಕತ್ತಿನ ಡಬ್ಬಿಗೆ ತಿಂಗಳ ಮೊದಲ ದಿನವೇ 75 ರೂಪಾಯಿ ಬೀಳತೊಡಗಿತು. ಮುಂದಿನ ಜೂನ್‌ಗೆ 900 ಆಯಿತು; ಉಳಿದ 900ಕ್ಕೆ ಒಂದೇ ಬಳೆ ಬ್ಯಾಂಕಿಗೆ ಹೋಯಿತು. ಇನ್ನೊಂದು ಅಮ್ಮನ ಬಲಗೈಯಲ್ಲೇ ಉಳಿಯಿತು. ಅರ್ಧ ಸಾಲ ಬೇಗ ತೀರಿತು, ಡಬ್ಬಿಯ ಪಾಲು ಹೆಚ್ಚಿತು.

ಆ ಪುಸ್ತಕಗಳು ಈಗಲೂ ನನ್ನ ಬಳಿ ಇವೆ. ಹಾಳೆಗಳು ಹಳದಿಯಾಗಿ, ಅಂಚು ಮುರಿಯುತ್ತಿವೆ. ಜೂನ್ ತಿಂಗಳ ಪುಟಗಳನ್ನಷ್ಟೇ ತಿರುವಿದರೆ ಅಪ್ಪನ ಅಕ್ಷರದಲ್ಲಿ ವರ್ಷ ವರ್ಷವೂ 'ಬಳೆ 2, ಬ್ಯಾಂಕಿಗೆ' ಎಂದಿದೆ. ಆಮೇಲೆ ಒಂದು ವರ್ಷ ನನ್ನ ಅಕ್ಷರದಲ್ಲಿ 'ಬಳೆ 1'. ಅದರ ಮುಂದಿನ ಜೂನ್‌ನಲ್ಲಿ ಬಳೆಯ ಸುದ್ದಿಯೇ ಇಲ್ಲ. 'ಫೀಸು, ಪುಸ್ತಕ, ಹೆಂಚು: ಡಬ್ಬಿಯಿಂದ' ಎಂದು ಬರೆದಿದ್ದೇನೆ. ಕೆಳಗೆ ಅಮ್ಮ ಪೆನ್ಸಿಲಿನಲ್ಲಿ ಒಂದು ತಪ್ಪು ತಿದ್ದಿದ್ದಾಳೆ. ನಾನು ಕೂಡುವಾಗ ಹನ್ನೆರಡು ರೂಪಾಯಿ ಬಿಟ್ಟಿದ್ದೆ.