ಹರಿತ ನೋಡಿದರೆ ಸಾಲದು, ಹದ ನೋಡಿ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ ಮಂಡ್ಯ ಜಿಲ್ಲೆಗೆ ಕಾಲಿಡುವಲ್ಲಿ ಸಿಗುವ ಊರು ನಿಡಘಟ್ಟ. ಅಲ್ಲಿಂದ ಮದ್ದೂರು, ಮಳವಳ್ಳಿ ಸೀಮೆಯ ಉದ್ದಕ್ಕೂ ತೆಂಗು ಮತ್ತು ಕಬ್ಬು. ಎರಡಕ್ಕೂ ಬೇಕಾದ ಆಯುಧ ಮಚ್ಚು. ಎಳನೀರು ಕೆತ್ತುವವರ ಎಡಗೈ ಬೆರಳುಗಳು ಅಲಗಿನ ಪಕ್ಕದಲ್ಲೇ ಇರುತ್ತವೆ. ಕಬ್ಬು ಕಡಿಯುವವರ ಕಷ್ಟ ಬೇರೆ. ಸಕ್ಕರೆ ಅಂಶ ಹೆಚ್ಚಿರುವುದು ಬುಡದ ಗೆಣ್ಣುಗಳಲ್ಲಿ, ಕೂಳೆ ಚೆನ್ನಾಗಿ ಚಿಗುರಲೂ ನೆಲಮಟ್ಟಕ್ಕೇ ಕಡಿಯಬೇಕು. ಹೀಗಾಗಿ ಯಾವ ಏಟು ಕಲ್ಲಿಗೆ ತಾಗುತ್ತದೋ ಹೇಳಲಾಗದು. ಇಷ್ಟು ದುಡಿಯಬೇಕಾದ ಮಚ್ಚನ್ನು ಕೊಳ್ಳುವಾಗ ಹೆಬ್ಬೆರಳಲ್ಲಿ ಅಲಗು ಸವರಿ ‘ಹರಿತವಾಗಿದೆ’ ಎಂದುಬಿಡುವುದುಂಟು. ಆ ಸವರುವಿಕೆಯಿಂದ ತಿಳಿಯುವುದು ಸಾಣೆಯ ಕೆಲಸ ಮಾತ್ರ, ಕುಲುಮೆಯ ಕೆಲಸವಲ್ಲ. ಹರಿತ ಹೋದರೆ ಅರ ಹಾಕಿ ಮತ್ತೆ ತರಬಹುದು. ಹದ ಕೆಟ್ಟಿದ್ದರೆ ಮಚ್ಚು ಮತ್ತೆ ಬೆಂಕಿಗೇ ಹೋಗಬೇಕು.

ಈ ಸೀಮೆಗೆ ಕಬ್ಬಿಣದ ಕೆಲಸ ಹೊಸದಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ಕಬ್ಬಿಣ ಕರಗಿಸುತ್ತಿದ್ದ ತಾಲ್ಲೂಕುಗಳ ಸಾಲಿನಲ್ಲಿ ಮಾಗಡಿ, ಚಿಕ್ಕನಾಯಕನಹಳ್ಳಿಗಳ ಜೊತೆ ಮಳವಳ್ಳಿಯನ್ನೂ ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಸೇರಿಸಿದ್ದಾರೆ. ಈಗ ಅದಿರು ಕರಗಿಸುವವರಿಲ್ಲ. ಕುಲುಮೆಗೆ ಬರುವುದು ಗುಜರಿಯ ಉಕ್ಕು, ಅದರಲ್ಲೂ ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿ. ಅದರಲ್ಲಿ ಸುಮಾರು ಶೇ 0.5ರಿಂದ 0.6ರಷ್ಟು ಇಂಗಾಲ ಇರುವುದರಿಂದ ಕಾಯಿಸಿ ಅದ್ದಿದರೆ ಗಡಸಾಗುತ್ತದೆ. ಕಟ್ಟಡಕ್ಕೆ ಬಳಸುವ ಸಾದಾ ಪಟ್ಟಿಯಲ್ಲಿ ಇಂಗಾಲ ಅದರ ಅರ್ಧಕ್ಕಿಂತಲೂ ಕಡಿಮೆ. ಎಷ್ಟು ಬಡಿದರೂ ಅಲಗು ನಿಲ್ಲದು. ಒಳ್ಳೆಯ ಉಕ್ಕಾದರೂ ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿ ಸುಮ್ಮನಾದರೆ ಗಾಜಿನಷ್ಟೇ ಪೆಡಸು. ಮತ್ತೆ ಹದವಾಗಿ ಬಿಸಿ ಮಾಡಿ ಆ ಪೆಡಸನ್ನು ಇಳಿಸಬೇಕು. ಆಗ ಉಜ್ಜಿದ ಉಕ್ಕಿನ ಮೇಲೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, 300 ಡಿಗ್ರಿ ಸೆಲ್ಸಿಯಸ್ ಹತ್ತಿರ ನೀಲಿ ಬಣ್ಣ ಏರುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಬಲ್ಲ ಕಣ್ಣಿನಲ್ಲೇ ಕಮ್ಮಾರನ ವಿದ್ಯೆಯೆಲ್ಲ ಇದೆ.

ಆ ವಿದ್ಯೆ ಫಲಿಸಿದೆಯೋ ಇಲ್ಲವೋ ಎಂದು ನೋಡುವುದು ಕಷ್ಟವಲ್ಲ. ಅಲಗಿನ ಮೇಲೆ ಅರ ಎಳೆಯಿರಿ: ಕಚ್ಚದೆ ಪೂರ್ತಿ ಜಾರಿದರೆ ಅತಿ ಗಡಸು, ಸಲೀಸಾಗಿ ಕಚ್ಚಿ ಪುಡಿ ಉದುರಿಸಿದರೆ ಮೆದು. ಪ್ರಯಾಸಪಟ್ಟು ತುಸುವೇ ಕಚ್ಚಬೇಕು. ಆಮೇಲೆ ಒಣಗಿದ ಜಾಲಿ ಕೊರಡಿಗೆ ಹತ್ತಾರು ಏಟು ಹಾಕಿ, ಅಲಗನ್ನು ಬೆಳಕಿಗೆ ಹಿಡಿಯಿರಿ. ಸರಿಯಾದ ಅಂಚು ಬೆಳಕನ್ನು ಹೊಳೆಯಿಸುವುದಿಲ್ಲ. ಬಿಳಿ ಗೆರೆ ಮಿನುಗಿದರೆ ಅಲ್ಲಿ ಅಂಚು ಮಡಚಿದೆ, ಅಂದರೆ ಉಕ್ಕು ಮೆದು. ಚೂರು ಎದ್ದಿದ್ದರೆ ಗಡಸು ಇಳಿದಿಲ್ಲ. ಹಿಡಿ ಅಲುಗುತ್ತದೆಯೇ, ಬಳೆ ಬಿಗಿಯಾಗಿದೆಯೇ ಎಂಬುದನ್ನೂ ಅದೇ ಏಟುಗಳು ಹೇಳಿಬಿಡುತ್ತವೆ.

ಕಮ್ಮಾರ ಗೊತ್ತಿರುವವನೇ, ಪರೀಕ್ಷೆ ಏಕೆ ಎನ್ನುವವರಿದ್ದಾರೆ. ಕೈ ಪಳಗಿದ್ದರೂ ಗುಜರಿಯಲ್ಲಿ ಸಿಕ್ಕ ತುಂಡು ಪ್ರತಿ ಸಲ ಒಂದೇ ಆಗಿರುವುದಿಲ್ಲ; ಪರೀಕ್ಷೆ ಮನುಷ್ಯನದಲ್ಲ, ಆ ತುಂಡಿನದು. ಕಾರ್ಖಾನೆಯ ಮಚ್ಚು ಎಲ್ಲವೂ ಒಂದೇ ಸಮ ಎಂಬ ಮಾತಿನಲ್ಲಿ ನಿಜವಿದೆ. ಆದರೆ ಕರೆಂಟಿನ ಸಾಣೆಗೆ ಒತ್ತಿ ಹಿಡಿದರೆ ಅದರ ಅಂಚೂ ಕಾದು ನೀಲಿಗಟ್ಟುತ್ತದೆ, ಹದ ಅಷ್ಟಕ್ಕೇ ಹೋಗುತ್ತದೆ. ಅಂಗಡಿಯ ಮಚ್ಚಿನಲ್ಲಿ ಮೊದಲು ಹುಡುಕಬೇಕಾದ್ದು ಆ ನೀಲಿ ಕಲೆಯನ್ನು. ಹೊಸ ಅಲಗಿಗೆ ಅರ ತಾಗಿಸಿದರೆ ಹಾಳಾಗುವುದಿಲ್ಲವೇ ಎಂದರೆ, ಹಿಡಿಯ ಹತ್ತಿರದ ಅಂಚಿನಲ್ಲಿ ಒಂದು ಗೀರು ಸಾಕು, ಕೆಲಸಕ್ಕೆ ಅಡ್ಡಿಯಿಲ್ಲ. ಎಲ್ಲಕ್ಕಿಂತ ಮುಖ್ಯ, ಪರೀಕ್ಷೆಯ ಜಾಗ. ಗದ್ದೆಯಲ್ಲಿ ಅಲಗು ಸಿಡಿದರೆ ಕೂಲಿಯೂ ಹೋಯಿತು, ಬೆರಳೂ ಹೋದೀತು. ಕುಲುಮೆಯ ಮುಂದೆಯೇ ದೋಷ ಕಂಡರೆ ಕಮ್ಮಾರ ಅಲ್ಲೇ ಮತ್ತೆ ಕಾಯಿಸಿ ಹದ ತಿದ್ದಿಕೊಡಬಲ್ಲ. ಆದ್ದರಿಂದ ದುಡ್ಡು ಕೊಡುವ ಮುನ್ನ ಅರ ಕೇಳುವುದು ಅಪನಂಬಿಕೆಯಲ್ಲ. ಕೆಲಸ ಬಲ್ಲ ಕಮ್ಮಾರ ಅರವನ್ನು ತಾನೇ ಎತ್ತಿಕೊಡುತ್ತಾನೆ.