ಗರ್ಭಪಾತ: ಮುಚ್ಚಿಡುವುದೇ ಅಪಾಯ

ಮನೆಯೊಡತಿಯ ಆರೋಗ್ಯವೇ ಮನೆಯ ಭಾಗ್ಯವೆಂದು ಎಲ್ಲರೂ ಒಪ್ಪುತ್ತೇವೆ. ಆದರೆ ಗರ್ಭಪಾತದ ಮಾತು ಬಂದೊಡನೆ ಹಿರಿಯರು ಮೌನ ತಾಳುತ್ತಾರೆ. ಗರ್ಭವು ತಾನಾಗಿ ಇಳಿದುಹೋಗಿರಲಿ, ತೆಗೆಸಿದ್ದಾಗಿರಲಿ, ನಾಲ್ಕು ಜನಕ್ಕೆ ತಿಳಿಯಬಾರದೆಂಬ ಸಂಕೋಚವೇ ಮುಂದಾಗುತ್ತದೆ. ಈ ಮೌನ ತಾಯಿಯ ಪ್ರಾಣಕ್ಕೇ ಸಂಚಕಾರ ತರಬಲ್ಲದು.

ಗರ್ಭಪಾತವಾದಾಗ ಗರ್ಭಕೋಶವು ಸಂಕುಚಿಸುತ್ತದೆ. ಆಗ ಕೆಳಹೊಟ್ಟೆಯಲ್ಲಿ ಹಿಂಡಿದಂತಹ ನೋವು, ಮುಟ್ಟಿಗಿಂತ ಹೆಚ್ಚಿನ ಸ್ರಾವ ಸಹಜ. ಗುಳಿಗೆಯಿಂದಾದರೆ ವಾಂತಿ, ಭೇದಿ, ಚಳಿಯೂ ಬರಬಹುದು. ಸ್ರಾವವು ಸಾಮಾನ್ಯವಾಗಿ ಎರಡು ವಾರಗಳಲ್ಲಿ ತಗ್ಗುತ್ತದೆ. 4ರಿಂದ 6 ವಾರಗಳೊಳಗೆ ಮುಟ್ಟು ಮರಳುತ್ತದೆ. ನುರಿತ ವೈದ್ಯರು ಸಕಾಲದಲ್ಲಿ ಮಾಡಿದ ಗರ್ಭಪಾತದಿಂದ ಮುಂದೆ ಮಕ್ಕಳಾಗುವುದಿಲ್ಲ, ಸ್ತನದ ಕ್ಯಾನ್ಸರ್ ಬರುತ್ತದೆ ಎಂಬ ನಂಬಿಕೆಗಳಿಗೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ.

ಹಾಗಾದರೆ ಅಪಾಯವೆಲ್ಲಿದೆ? ಗರ್ಭದ ಚೂರು ಒಳಗೇ ಉಳಿದರೆ ರಕ್ತಸ್ರಾವ ನಿಲ್ಲದು, ನಂಜೇರುತ್ತದೆ. ಅರಿಯದವರು ಕಡ್ಡಿ, ಬೇರು ತೂರಿಸಿದರೆ ಗರ್ಭಕೋಶಕ್ಕೆ ರಂಧ್ರ ಬೀಳಬಹುದು. ನಂಜು ಗರ್ಭನಾಳಗಳಿಗೆ ಹರಡಿ ಅವು ಮುಚ್ಚಿದರೆ ಮಕ್ಕಳಾಗುವುದು ಕಷ್ಟ. ರಕ್ತಕ್ಕೇರಿದರೆ ಸಾವೇ ಬರಬಹುದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಸುಮಾರು ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆಯಿದೆ. ಇಂಥವರಿಗೆ ಸ್ವಲ್ಪ ಹೆಚ್ಚಿನ ಸ್ರಾವವೂ ಭಾರಿಯಾಗುತ್ತದೆ.

ಔಷಧದಂಗಡಿಯಿಂದ ತಾವೇ ಗುಳಿಗೆ ತಂದು ನುಂಗುವುದು ಇಂದು ಹೆಚ್ಚಾಗಿದೆ. ಈ ಗುಳಿಗೆಗಳನ್ನು 9 ವಾರಗಳೊಳಗೆ, ವೈದ್ಯರ ಚೀಟಿಯ ಮೇರೆಗೆ ಮಾತ್ರ ಸೇವಿಸತಕ್ಕದ್ದು. ಗರ್ಭವು ನಾಳದಲ್ಲಿ ಕಟ್ಟಿದ್ದರೆ ಗುಳಿಗೆಯಿಂದ ಪ್ರಯೋಜನವಿಲ್ಲ. ನಾಳ ಒಡೆದು ಒಳಗೇ ರಕ್ತ ಸುರಿಯಬಹುದು. ಮೊದಲು ಪರೀಕ್ಷೆ ಬೇಕೆನ್ನುವುದು ಇದಕ್ಕಾಗಿಯೇ.

ನಮ್ಮ ನಾಡಿನ ಎರಡು ದುರಂತಗಳು ಪಾಠವಾಗಬೇಕು. 2024ರ ಮೇ ತಿಂಗಳಲ್ಲಿ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಮನೆಯೊಂದರಲ್ಲಿ ನಡೆದ ಅಕ್ರಮ ಗರ್ಭಪಾತದ ಬಳಿಕ ಮಹಾರಾಷ್ಟ್ರದ ಮಹಿಳೆಯೊಬ್ಬರು ಅಸುನೀಗಿದರು. ಅದು ಅನರ್ಹ ಕೈಗಳ ಫಲ. ಚಿಕಿತ್ಸೆ ತಡೆದ ಫಲ ಇನ್ನೊಂದು. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೆಯಲ್ಲಿ ನೆಲೆಸಿದ್ದರು. 17 ವಾರಗಳ ಗರ್ಭ ಉಳಿಯದೆಂದು ತಿಳಿದಿದ್ದರೂ, ಶಿಶುವಿನ ಹೃದಯ ಮಿಡಿಯುತ್ತಿದೆಯೆಂಬ ಕಾರಣಕ್ಕೆ ಅವರು ಕೇಳಿದ ಗರ್ಭಪಾತ ದೊರೆಯಲಿಲ್ಲ. ನಂಜು ರಕ್ತಕ್ಕೇರಿ 2012ರ ಅಕ್ಟೋಬರ್ 28ರಂದು, 31ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. 2018ರಲ್ಲಿ ಆ ದೇಶದ ಜನ ಮತ ಹಾಕಿ, ಗರ್ಭಪಾತವನ್ನು ತಡೆದಿದ್ದ ಸಂವಿಧಾನದ ವಿಧಿಯನ್ನೇ ತೆಗೆದುಹಾಕಿದರು.

ನಮ್ಮಲ್ಲಿ 1971ರಿಂದಲೇ ಕಾನೂನಿದೆ. 2021ರ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ನಿಗದಿತ ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಆಕೆಯ ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಭ್ರೂಣದ ಲಿಂಗ ಪತ್ತೆ ಮಾತ್ರ 1994ರ ಕಾಯಿದೆಯಂತೆ ಅಪರಾಧ.

ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತಾಲ್ಲೂಕು ಆಸ್ಪತ್ರೆಗಳಲ್ಲಾಗಲಿ ವಿಚಾರಿಸಲು ಸಂಕೋಚ ಬೇಡ. ದೂರದ ಹಳ್ಳಿಗಳವರು ಬೆಳಗಾಗಲೆಂದು ಕಾಯಬಾರದು. ಎರಡು ಗಂಟೆ ಕಾಲ ಗಂಟೆಗೆರಡರಂತೆ ದೊಡ್ಡ ಪ್ಯಾಡುಗಳು ಪೂರ್ತಿ ನೆನೆದರೆ, ಜ್ವರ ಬಿಡದಿದ್ದರೆ, ದುರ್ವಾಸನೆಯ ಸ್ರಾವ, ತಡೆಯಲಾಗದ ಹೊಟ್ಟೆನೋವು, ಕಣ್ಣು ಕತ್ತಲಿಡುವಿಕೆ ಕಂಡರೆ ಆ ರಾತ್ರಿಯೇ 108ಕ್ಕೆ ಕರೆ ಮಾಡಬೇಕು. ಏನು ನುಂಗಿದ್ದೆಂದು ವೈದ್ಯರಿಗೆ ಮರೆಮಾಚದೆ ಹೇಳಬೇಕು. ಗರ್ಭಪಾತದ ಎರಡೇ ವಾರಗಳಲ್ಲಿ ಮತ್ತೆ ಗರ್ಭ ನಿಲ್ಲಬಹುದಾದ್ದರಿಂದ ಸಂತಾನ ನಿಯಂತ್ರಣದ ಸಲಹೆಯನ್ನೂ ಆಗಲೇ ಪಡೆಯುವುದು ಲೇಸು.

ಮುಟ್ಟಿನ, ಹೆರಿಗೆಯ ಸೂತಕಗಳನ್ನು ನಿರಾಕರಿಸಿದವರು ಬಸವಾದಿ ಶರಣರು. ಆ ಪರಂಪರೆಯ ಮನೆಗಳಲ್ಲಿ ನರಳುವ ಹೆಣ್ಣುಮಗಳು ನಾಚಿ ಮೂಲೆ ಹಿಡಿಯಬೇಕಾಗಿಲ್ಲ. ಅತ್ತೆಯಾದವರು ಸೊಸೆಯನ್ನು ಗದರಿಸದೆ, 'ಏನಾಯಿತವ್ವಾ?' ಎಂದು ಕೇಳಲಿ. ಗಂಡನಾದವನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಲಿ. ಅಷ್ಟರಿಂದಲೇ ಒಂದು ಜೀವ ಉಳಿಯಬಹುದು.